ಕಟ್ಟಿದ್ದು, ಅಂಟಿಸಿದ್ದು, ಹಚ್ಚಿದ್ದು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಲೆಗೆ ಕೋಸಂಬರಿ ಬೀಳುವ ಮೊದಲೇ ನನ್ನ ಪಕ್ಕದವರು ಪಂಚೆ ಸರಿಸಿ ಮೊಣಕಾಲು ತೋರಿಸುತ್ತಾರೆ. "ಇದೊಂದು ನೋಡಿಬಿಡ್ರಿ ಡಾಕ್ಟ್ರೇ, ಅನ್ನ ಬರೋದ್ರೊಳಗೆ." ಹೃದಯದ ಡಾಕ್ಟರಿಗೆ ಯಾರೂ ಪಂಕ್ತಿಯಲ್ಲಿ ಹೃದಯ ತೆಗೆದು ತೋರಿಸುವುದಿಲ್ಲ. ಈ ಭಾಗ್ಯ ಚರ್ಮದ ಡಾಕ್ಟರಿಗೆ ಮಾತ್ರ. ನಿವೃತ್ತನಾದ ಮೇಲಾದರೂ ನಿಂತೀತು ಅಂದುಕೊಂಡಿದ್ದೆ. ಈಗ "ಹೆಂಗೂ ಖಾಲಿ ಅದೀರಲ್ಲ" ಎಂದು ಇನ್ನಷ್ಟು ಧೈರ್ಯದಿಂದ ತೋರಿಸುತ್ತಾರೆ.

ಈಚೆಗೆ ನಮ್ಮ ವಿಭಾಗಕ್ಕೆ ಸೇರಲು ಬುದ್ಧಿವಂತ ಮಕ್ಕಳೆಲ್ಲ ಮುಗಿಬೀಳುತ್ತಿದ್ದಾರಂತೆ. ಲೇಸರ್ ಬಂದಿದೆ, ಮುಖಕ್ಕೆ ಹೊಳಪು ಕೊಡುವ ಯಂತ್ರ ಬಂದಿದೆ, ತಂಪು ಕೋಣೆ ಬಂದಿದೆ. ನಾನು ಸೇರಿದಾಗ ಹಾಗಿರಲಿಲ್ಲ. ಬೇರೆಲ್ಲ ಸೀಟು ತುಂಬಿ ಉಳಿದದ್ದು ಇದೊಂದೇ ಎಂದು ಸೇರಿದವನು ನಾನು. ನಮ್ಮಪ್ಪ ಊರಿಗೆಲ್ಲ "ಮಗ ಡಾಕ್ಟರು" ಎನ್ನುತ್ತಿದ್ದರೇ ಹೊರತು ಯಾತರ ಡಾಕ್ಟರು ಎಂದು ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಪಟ್ಟು ಹಿಡಿದು ಕೇಳಿದರೆ "ಎಲ್ಲಾ ನೋಡ್ತಾನೆ" ಎಂದು ಮಾತು ತಿರುಗಿಸುತ್ತಿದ್ದರು. ಆದ್ದರಿಂದ, ಹೊಸದಾಗಿ ಬರುವ ಮಕ್ಕಳೇ, ಲೇಸರ್ ವಿಷಯ ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದು ಕಜ್ಜಿ, ಇಸುಬು, ಹುಳಕಡ್ಡಿ, ಮತ್ತು ಅವುಗಳನ್ನು ಹೊತ್ತು ತರುವ ಜನ.

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಆಳು ಗಿಡ್ಡ, ದನಿ ಭಾರಿ, ಬಾಯಲ್ಲಿ ಸದಾ ಒಂದು ಲವಂಗ. ಮೊದಲ ದಿನ ನಾನು ಕಜ್ಜಿಯವನೊಬ್ಬನನ್ನು ದೂರದಿಂದಲೇ ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಬಂದು, "ಮುಟ್ಟದೆ ನೋಡೋದಾದ್ರೆ ಸಿನಿಮಾಕ್ಕೆ ಹೋಗಪ್ಪ" ಎಂದು ನನ್ನ ಕೈ ಹಿಡಿದು ಅವನ ಬೆರಳ ಸಂದಿಗೆ ಇಟ್ಟರು. ಆ ವಾರವೇ ನನಗೂ ಕಜ್ಜಿ ಹತ್ತಿತು. ಸಾಹೇಬರಿಗೆ ಹೇಳಿದೆ. "ಒಳ್ಳೇದಾತು, ಇನ್ನು ತುರಿಕೆ ಅಂದ್ರೇನು ಅಂತ ಪುಸ್ತಕದಾಗೆ ಹುಡುಕಬ್ಯಾಡ" ಎಂದರು.

ಅವರು ಕಲಿಸಿದ್ದು ಮೂರೇ ಪ್ರಶ್ನೆ. ರೋಗ ಮೈಮೇಲೆ ಎಲ್ಲಿದೆಯೋ ಅಲ್ಲಿ ಏನು ಕಟ್ಟಿದ್ದೀಯ, ಏನು ಅಂಟಿಸಿದ್ದೀಯ, ಏನು ಹಚ್ಚಿದ್ದೀಯ? ಚರ್ಮ ಸುಮ್ಮಸುಮ್ಮನೆ ಕೆಡುವುದಿಲ್ಲ, ಅರ್ಧಕ್ಕರ್ಧ ಸಲ ಅದರ ಮೇಲೆ ನಾವೇ ಏನಾದರೂ ಹೇರಿರುತ್ತೇವೆ ಎಂಬುದು ಅವರ ವಾದ. ಮಣಿಕಟ್ಟಿನ ಸುತ್ತ ಗುಳ್ಳೆ ಎದ್ದರೆ ವಾಚು ಬಿಚ್ಚಿಸು. ಹೊಕ್ಕುಳ ಕೆಳಗೆ ಕಡಿತ ಇದ್ದರೆ ಬೆಲ್ಟಿನ ಬಕಲ್ಲು ನೋಡು. ಮುಖ ಊದಿಸಿಕೊಂಡು ಬಂದವನ ಮೀಸೆ ಕಾಡಿಗೆಯಷ್ಟು ಕಪ್ಪಗಿದ್ದರೆ ಮತ್ತೇನೂ ಕೇಳಬೇಡ, ಕೂದಲಿಗೆ ಹಚ್ಚಿದ ಬಣ್ಣವೇ ಕಾರಣ.

ಆಗ ಔಷಧಿಯ ಅಂಗಡಿ ಬೇರೆ, ನಮ್ಮ ಮುಲಾಮಿನ ಡಬ್ಬ ಬೇರೆ. ದೊಡ್ಡ ಪಾತ್ರೆಯಲ್ಲಿ ಬಿಳಿ ಮುಲಾಮು ಕಲಸಿ ಇಡುತ್ತಿದ್ದೆವು. ರೋಗಿಗಳು ಮನೆಯಿಂದ ಡಬ್ಬಿ ತಂದರೆ ಚಮಚದಲ್ಲಿ ತುಂಬಿ ಕೊಡುವುದು. ನಶ್ಯದ ಡಬ್ಬಿ, ಕುಂಕುಮದ ಭರಣಿ, ಬಾಳೆಲೆ ಎಲ್ಲ ಬರುತ್ತಿದ್ದವು. ಒಬ್ಬ ಹೆಣ್ಣುಮಗಳು ಬೆಣ್ಣೆಯ ಡಬ್ಬಿ ತಂದಳು. ಮರುದಿನ ಅವಳ ಗಂಡ ಬಾಗಿಲಲ್ಲಿ ನಿಂತು, "ಈ ಬೆಣ್ಣೆ ರೊಟ್ಟಿಗೆ ಹಾಕ್ಕೊಂಡ್ರೆ ನಾಲಿಗೆ ಉರೀತೈತಲ್ರಿ, ಇದ್ಯಾವ ಡೇರಿದು?" ಎಂದು ಕೇಳಿದ. ಒಂದೇ ತುತ್ತಿಗೆ ಉಗುಳಿದ್ದನಾದ್ದರಿಂದ ಏನೂ ಆಗಲಿಲ್ಲ. ಅಂದಿನಿಂದ ತಿನ್ನುವ ಪದಾರ್ಥದ ಡಬ್ಬಿಗೆ ನಮ್ಮಲ್ಲಿ ಪ್ರವೇಶವಿಲ್ಲ ಎಂದಾಯಿತು.

ಬೆಣ್ಣೆ ಎಂದಾಗ ಕರೂರು ಕೈಗಾರಿಕಾ ಪ್ರದೇಶದ ಲೇತ್ ಕೆಲಸಗಾರನೊಬ್ಬ ನೆನಪಾಗುತ್ತಾನೆ. ತೊಡೆಯ ಮೇಲೆ, ಮುಂಗೈ ಮೇಲೆ ಕಪ್ಪು ತಲೆಯ ಮೊಡವೆಗಳು. ಮೊಡವೆಗೆ ಬೆಣ್ಣೆಯೇ ಕಾರಣ ಎಂದು ಯಾರೋ ಹೇಳಿದ್ದರಿಂದ ಈ ಪುಣ್ಯಾತ್ಮ ವರ್ಷವಿಡೀ ಬೆಣ್ಣೆದೋಸೆ ಬಿಟ್ಟಿದ್ದ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆದೋಸೆ ಬಿಡುವುದೆಂದರೆ ಸಣ್ಣ ತಪಸ್ಸಲ್ಲ. ಅವನ ಪ್ಯಾಂಟು ಮುಟ್ಟಿದೆ. ಎಣ್ಣೆ ಜಿನುಗುತ್ತಿತ್ತು. ಯಂತ್ರಕ್ಕೆ ಬಿಡುವ ಎಣ್ಣೆ ಸಿಡಿದು ಬಟ್ಟೆಗೆ ಇಂಗಿ, ಅದೇ ಬಟ್ಟೆ ದಿನವಿಡೀ ತೊಡೆಗೆ ಅಂಟಿ, ಕೂದಲ ಬುಡ ಮುಚ್ಚಿಹೋಗಿತ್ತು. ಮುಂದೆ ಒಂದು ಏಪ್ರನ್ ಕಟ್ಟಿಕೋ, ಪ್ಯಾಂಟು ದಿನಾ ಒಗಿಸು, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆದುಕೋ ಎಂದೆ.

"ಹಂಗಾದ್ರೆ ನಾನು ದೋಸಿ ಬಿಟ್ಟಿದ್ದು ಯಾವ ಕರ್ಮಕ್ರಿ?"

ಮುಂದಿನ ಸಲ ಬಂದಾಗ ಮೊಡವೆ ಇಳಿದಿತ್ತು, ಹೊಟ್ಟೆ ಸ್ವಲ್ಪ ಏರಿತ್ತು.

ಇನ್ನು ನಾನು ಹೇಳಹೊರಟ ಸಂಸಾರಕ್ಕೆ ಬರುತ್ತೇನೆ. ನಿಜಲಿಂಗಪ್ಪ ಬಡಾವಣೆಯ ವೀರಭದ್ರಪ್ಪ, ಕಬ್ಬಿಣ ಸಿಮೆಂಟಿನ ವ್ಯಾಪಾರಿ, ಒಂದು ಬೇಸಿಗೆಯಲ್ಲಿ ನನ್ನ ಬಳಿ ಬಂದರು. ಎದೆಯ ನಡುವೆ ಅಂಗೈಯಗಲ ಕೆಂಪಗೆ ನೀರೊಡೆದು ಕೆರೆತ. ಯಾರ್ಯಾರೋ ಯಾವ್ಯಾವುದೋ ಹಚ್ಚಿಸಿದ್ದರು. ಅಂಗಿ ಬಿಚ್ಚಿಸಿದೆ. ಕೊರಳಿಂದ ಇಳಿದ ಶಿವದಾರದ ತುದಿಗೆ, ಇಷ್ಟಲಿಂಗ ಇಡುವ ಕರಡಿಗೆ ಸರಿಯಾಗಿ ಆ ಗಾಯದ ಮೇಲೇ ಕೂತಿತ್ತು. ಫಳಫಳ ಹೊಳೆಯುವ ಹೊಸ ಕರಡಿಗೆ.

"ಇದನ್ನ ತೆಗಿ ಅನ್ನಬ್ಯಾಡ್ರಿ" ಎಂದು ಅವರು ನಾನು ಬಾಯಿ ತೆರೆಯುವ ಮೊದಲೇ ಎದೆಗೆ ಕೈ ಅಡ್ಡ ಹಿಡಿದರು. "ಪ್ರಾಣ ಹೋದ್ರೂ ಮೈಯಿಂದ ಇಳಿಯಂಗಿಲ್ಲ."

"ಲಿಂಗ ಇಳಿಸೋದು ಬ್ಯಾಡ್ರಿ, ಅದರ ಮನೆ ಬದಲಾಯಿಸ್ರಿ" ಎಂದೆ. "ಈ ಲೋಹದಾಗೆ ನಿಕ್ಕಲ್ ಐತೆ. ಬೆವರಿಗೆ ಅದು ಬಿಟ್ಕೊಂಡು ಚರ್ಮಕ್ಕೆ ಆಗ್ತಿಲ್ಲ. ಒಳ್ಳೆ ಬೆಳ್ಳಿದು ಮಾಡಿಸ್ರಿ, ಅಲ್ಲೀತನಕ ಹತ್ತಿ ಬಟ್ಟೆ ಸುತ್ರಿ."

"ಬೆಳ್ಳಿದೇ ಐತಲ್ರಿ ಇದು."

"ಬೆಳ್ಳಿ ಹಿಂಗೆ ಮಾಡಂಗಿಲ್ರಿ."

ಚರ್ಮದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಹತ್ತಿ ಬಟ್ಟೆ ಸುತ್ತಿದರು, ಕೆರೆತ ವಾಸಿಯಾಯಿತು. ಆದರೆ ಆ ಕರಡಿಗೆ ಅವರ ಹೆಂಡತಿ ಗಿರಿಜಮ್ಮನವರ ಅಣ್ಣ, ಹರಿಹರದವರು, ಗೃಹಪ್ರವೇಶಕ್ಕೆ ಅಪ್ಪಟ ಬೆಳ್ಳಿಯೆಂದು ಕೊಟ್ಟ ಉಡುಗೊರೆ. ವೀರಭದ್ರಪ್ಪ ಅದನ್ನು ಅಕ್ಕಸಾಲಿಗನಿಗೆ ತೋರಿಸಿದರು. ಹೆಸರಿಗಷ್ಟೇ ಬೆಳ್ಳಿ, ಒಳಗೆಲ್ಲ ತಾಮ್ರ ನಿಕ್ಕಲ್ಲಿನ ಬೆರಕೆ ಎಂದನಂತೆ. ಅಣ್ಣನಿಗೂ ಅಂಗಡಿಯವನು ಮೋಸ ಮಾಡಿದ್ದ. ಅದನ್ನು ವೀರಭದ್ರಪ್ಪ ನಂಬಬೇಕಲ್ಲ. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಗಿರಿಜಮ್ಮ ಒಂದು ಮಧ್ಯಾಹ್ನ ಸೀದಾ ನನ್ನ ಕೋಣೆಗೆ ನುಗ್ಗಿದರು. ಕೂಡ್ರಿ ಎಂದರೂ ಕೂರಲಿಲ್ಲ.

"ಅದು ಬೆಳ್ಳಿ ಹೌದೋ ಅಲ್ಲೋ ಅಂತ ನಿಮ್ಮನ್ನ ಯಾರು ಕೇಳಿದ್ರು ಡಾಕ್ಟ್ರೇ? ನೀವು ಚರ್ಮದ ಡಾಕ್ಟ್ರೋ, ಅಕ್ಕಸಾಲಿಗ್ರೋ?"

ಅವರು ಹೋದ ಮೇಲೆ ಶಾಹಿದಾ ಸಿಸ್ಟರ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಶಾಹಿದಾ ನನ್ನೊಡನೆ ಉದ್ದಕ್ಕೂ ಕೆಲಸ ಮಾಡಿದ ನರ್ಸ್. ನನ್ನ ಸಿಟ್ಟಿಗೆ ಹೆದರದ ಒಬ್ಬರೇ ಅವರು. "ಸಾಬ್, ಇನ್ನ ಮ್ಯಾಲೆ ಯಾರ್ದಾದ್ರೂ ಒಡವಿ ನೋಡಿದ್ರೆ ಚಂದ ಐತೆ ಅಂತಷ್ಟೇ ಅನ್ರಿ" ಎಂದರು.

ನೀವು ಕೆಲಸ ಶುರು ಮಾಡಿದಾಗ ಇದು ನೆನಪಿರಲಿ. ಕಾರಣ ಹುಡುಕುವುದು ನಮ್ಮ ಕೆಲಸ, ಸರಿ. ಆದರೆ ಆ ಕಾರಣವನ್ನು ಯಾರಾದರೂ ತಂದುಕೊಟ್ಟಿರುತ್ತಾರೆ. ಅವರು ಸಾಮಾನ್ಯವಾಗಿ ಬೀಗರೇ ಆಗಿರುತ್ತಾರೆ.

ಈ ನಡುವೆ ಕಾಲ ಬದಲಾಯಿತು. ಮುಲಾಮಿನ ಪಾತ್ರೆ ಹೋಗಿ ಟ್ಯೂಬು ಬಂತು. ಟ್ಯೂಬಿನ ಜೊತೆ ನನ್ನ ರಕ್ತದೊತ್ತಡವೂ ಬಂತು. ಮೂರು ಔಷಧಿ ಒಟ್ಟಿಗೆ ಬೆರೆಸಿದ, ಸ್ಟೀರಾಯ್ಡ್ ಇರುವ ಟ್ಯೂಬನ್ನು ಔಷಧಿ ಅಂಗಡಿಯಲ್ಲಿ ಕೈತೋರಿಸಿ ತರುತ್ತಾರೆ. ಹುಳಕಡ್ಡಿಗೆ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ದೊಡ್ಡ ಬಳೆಯಾಗಿ ಮೇಲೇಳುತ್ತದೆ. ಒಬ್ಬನಿಂದ ಟವೆಲ್ಲಿಗೆ, ಟವೆಲ್ಲಿಂದ ಮನೆಮಂದಿಗೆಲ್ಲ. ಕೊನೆಗೆ ಅದೇ ಟ್ಯೂಬು ಬೆಳ್ಳಗಾಗಲೆಂದು ಮಗಳ ಮುಖಕ್ಕೆ, ಉಳಿದದ್ದು ಪಕ್ಕದ ಮನೆಗೆ ಕೈಸಾಲ. ಒಬ್ಬರ ಟ್ಯೂಬು ಇನ್ನೊಬ್ಬರು ಹಚ್ಚಬಾರದು ಎಂದು ನಾನು ಬೈದಷ್ಟು ಇನ್ಯಾವುದಕ್ಕೂ ಬೈದಿಲ್ಲ. ಶಾಹಿದಾ ಹೊರಗೆ ಸಾಲಿನಲ್ಲಿ ಕೂತವರಿಗೆ ಮೊದಲೇ ಎಚ್ಚರಿಕೆ ಕೊಡುತ್ತಿದ್ದರು: "ಯಾರ ಟ್ಯೂಬು ಹಚ್ಚೀರಿ ಅಂತ ಕೇಳಿದ್ರೆ ನಿಮ್ದೇ ಅನ್ರಿ, ಇಲ್ಲಂದ್ರೆ ಸಾಬ್ ಹಾರಾಡ್ತಾರೆ."

ಆಮೇಲೆ ವಾಟ್ಸಾಪ್ ಬಂತು. ಮುಟ್ಟಿ ನೋಡು ಎಂದ ಸಾಹೇಬರು ಇದ್ದಿದ್ದರೆ ಫೋನು ಭದ್ರಾ ಕಾಲುವೆಗೆ ಎಸೆಯುತ್ತಿದ್ದರು. ಎಷ್ಟು ಹತ್ತಿರದಿಂದ ತೆಗೆದ ಫೋಟೋ ಎಂದರೆ ಮೊಣಕೈಯೋ ದೋಸೆಯೋ ತಿಳಿಯುವುದಿಲ್ಲ. ಒಬ್ಬರಿಗೆ ಔಷಧಿ ಬರೆದ ಮೇಲೆ ಗೊತ್ತಾಯಿತು, ಅವರು ಕಳಿಸಿದ್ದು ಅವರ ಎಮ್ಮೆಯ ಬೆನ್ನು.

ನಿವೃತ್ತಿಗೆ ಹತ್ತಿರವಿದ್ದಾಗ ಒಂದು ದಿನ ಬಾಗಿಲಲ್ಲಿ ಮತ್ತೆ ಗಿರಿಜಮ್ಮ ಕಾಣಿಸಿಕೊಂಡರು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ದೊಡ್ಡ ಮರೂನ್ ಬಣ್ಣದ ಬಿಂದಿ ಸ್ಟಿಕರ್. ಜೊತೆಗೊಬ್ಬ ಹುಡುಗಿ. ಈ ಸಲ ಹೇಳದೆಯೇ ಕೂತರು.

ಹುಡುಗಿಯ ಹೆಸರು ಚೇತನಾ. ಹರಿಹರದವಳು, ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯ ಸ್ಟೋರ್ಸ್ ಕಚೇರಿಯಲ್ಲಿ ಕೆಲಸ. ಗಿರಿಜಮ್ಮನವರ ಮಗನಿಗೆ ನಿಶ್ಚಯವಾದ ಹುಡುಗಿ. ಸಂಬಂಧ ತಂದವರು ಅದೇ ಕರಡಿಗೆಯ ಅಣ್ಣ. ಹಳೆಯ ಮುನಿಸು ಇದರಿಂದಲಾದರೂ ಮುಗಿಯಲಿ ಎಂದು ಓಡಾಡಿ ಕೂಡಿಸಿದ್ದರು. ಆದರೆ ಹಿಂದಿನ ಭಾನುವಾರ ಹುಡುಗಿ ಇವರ ಮನೆಗೆ ಬಂದವಳು ಬಿಸಿಲಿಗೆ ಮುಖ ತೊಳೆದಾಗ ಬಿಂದಿ ಕಳಚಿ ಬಿತ್ತು. ಅದರಡಿ ಉಗುರಗಲ ಬಿಳಿ ಕಲೆ.

"ನಮ್ಮನಿಯೋರು ಏನಂದ್ರು ಗೊತ್ತೇನ್ರಿ?" ಎಂದರು ಗಿರಿಜಮ್ಮ. "ನಿಮ್ಮಣ್ಣ ಕೊಟ್ಟ ಬೆಳ್ಳಿ ಬೆಳ್ಳಿ ಅಲ್ಲ, ತಂದ ಹುಡುಗೀನೂ ನೋಡು ಅಂದ್ರು. ಇದು ತೊನ್ನು ಹೌದೋ ಅಲ್ಲೋ ಹೇಳಿಬಿಡ್ರಿ. ನಾಡಿದ್ದು ಜವಳಿ ತೆಗಿಯೋಕೆ ಹೋಗೋದೈತೆ. ಹೋಗೋದೋ ಬ್ಯಾಡೋ ಅಂತ ಇವತ್ತೇ ತೀರ್ಮಾನ ಆಗ್ಬೇಕು."

ನನಗೆ ಸಿಟ್ಟು ನೆತ್ತಿಗೇರಿತು. "ತೊನ್ನಾದ್ರೇನ್ರಮ್ಮ? ಅದು ಅಂಟಂಗಿಲ್ಲ, ನೋಯಂಗಿಲ್ಲ, ಕಡಿಯಂಗಿಲ್ಲ. ಬಣ್ಣ ಹೋಗಿರ್ತೈತೆ ಅಷ್ಟೇ. ತೊನ್ನಿರೋರು ಮದುವಿ ಆಗಬಾರದು ಅಂತ ಯಾವ ಶಾಸ್ತ್ರದಾಗೈತೆ?"

"ಶಾಸ್ತ್ರ ನನಗೆ ಗೊತ್ತಿಲ್ರಿ. ಮಕ್ಳಿಗೆ ಬರ್ತೈತೇನ್ರಿ? ಅದೊಂದು ಹೇಳ್ರಿ ಸಾಕು."

ಹುಡುಗಿ ಅಷ್ಟು ಹೊತ್ತು ಬ್ಯಾಗಿನ ಜಿಪ್ಪು ಎಳೆಯುತ್ತ ಬಿಡುತ್ತ ಕೂತಿದ್ದಳು. ಆ ಪ್ರಶ್ನೆಗೆ ಅವಳ ಕೈ ನಿಂತಿತು. ನನಗೆ ಅವಳನ್ನು ನೋಡಲಾಗಲಿಲ್ಲ. ಎಷ್ಟು ಹೆಣ್ಣುಮಕ್ಕಳನ್ನು ಆ ಕುರ್ಚಿಯಲ್ಲಿ ಹೀಗೆ ಕೂರಿಸಿದ್ದಾರೋ. ತಕ್ಕಡಿಯಲ್ಲಿಟ್ಟ ಹಾಗೆ. ಇಷ್ಟು ವರ್ಷವಾದರೂ ನನಗೆ ಅದು ಅಭ್ಯಾಸವಾಗಲಿಲ್ಲ.

"ರೋಗಿ ಇವರು. ನೀವು ಸ್ವಲ್ಪ ಹೊರಗಿರ್ರಿ" ಎಂದೆ ಗಿರಿಜಮ್ಮನಿಗೆ.

ಚೇತನಾ ತಲೆಯೆತ್ತಿದಳು. "ಬ್ಯಾಡ ಸರ್, ಇಲ್ಲೇ ಇರ್ಲಿ. ಹೊರಗೆ ಕಳ್ಸಿದ್ರೆ ಬಾಗ್ಲಿಗೆ ಕಿವಿಯಿಟ್ಟು ನಿಂತ್ಕೊಬೇಕಾಗ್ತೈತೆ. ಆಂಟಿಗೆ ಮೊದ್ಲೇ ಮಂಡಿನೋವು."

ಶಾಹಿದಾ ಥಟ್ಟನೆ ಬೆನ್ನು ತಿರುಗಿಸಿ ಕಪಾಟಿನಲ್ಲಿ ಏನನ್ನೋ ಹುಡುಕತೊಡಗಿದರು. ಈ ಹುಡುಗಿ ಸಾಮಾನ್ಯದವಳಲ್ಲ ಎಂದು ನನಗೆ ಅನ್ನಿಸಿತು.

ಬಿಂದಿ ತೆಗೆಸಿ ನೋಡಿದೆ, ಮುಟ್ಟಿ ನೋಡಿದೆ. ಬಿಳಿ ಕಲೆಗೆ ಬಿಂದಿಯದೇ ಆಕಾರ, ಬಿಂದಿಯದೇ ಅಂಚು. ಮೈಮೇಲೆ ಬೇರೆಲ್ಲೂ ಇಲ್ಲವೆಂದು ಶಾಹಿದಾ ಪರದೆಯ ಹಿಂದೆ ನೋಡಿ ಬಂದರು. ಕಟ್ಟಿದ್ದು, ಅಂಟಿಸಿದ್ದು, ಹಚ್ಚಿದ್ದು: ಮೂರನ್ನೂ ಕೇಳಿದೆ. ಹೈಸ್ಕೂಲಿನಿಂದ ಒಂದೇ ಜಾಗಕ್ಕೆ ಸ್ಟಿಕರ್, ಮಲಗುವಾಗಲೂ ತೆಗೆಯುವುದಿಲ್ಲ.

"ಅಂಟಿನಾಗಿರೋ ರಾಸಾಯನಿಕದ ಕೆಲಸ ಇದು. ಕೆಲವರ ಚರ್ಮದಾಗೆ ಬಣ್ಣ ಮಾಡೋ ಕಣಗಳನ್ನ ಅದು ಸಾಯಿಸ್ತೈತೆ. ಸ್ಟಿಕರ್ ಬಿಟ್ಟು ಔಷಧಿ ಹಚ್ಚಿದ್ರೆ ಬಹಳಷ್ಟು ಜನರಿಗೆ ನಿಧಾನಕ್ಕೆ ಬಣ್ಣ ತುಂಬ್ತೈತೆ" ಎಂದೆ. "ಹುಡುಗನಿಗೆ ಹೇಳೀಯೇನಮ್ಮ?"

"ಮೊದ್ಲ ದಿನಾನೇ ಹೇಳೀನಿ ಸರ್. ಅಷ್ಟೇ ಏನು ಅಂದ್ರು."

"ನನ್ನ ಮಗನಿಗೆ ಗೊತ್ತೈತಾ?" ಗಿರಿಜಮ್ಮ ಕುರ್ಚಿಯಲ್ಲೇ ಮೇಲೆದ್ದು ಕೂತರು. ಮಗನ ಮೇಲಿನ ಸಿಟ್ಟೂ ನನ್ನ ಮೇಲೆಯೇ ತಿರುಗಿತು. "ಡಾಕ್ಟ್ರೇ, ಸ್ಟಿಕರ್ ಕತಿ ನನಗೆ ಹೇಳಬ್ಯಾಡ್ರಿ. ಲೋಕದ ಹೆಣ್ಮಕ್ಳೆಲ್ಲ ಹಚ್ತಾರೆ. ಮದುವಿ ಆದಾಗ್ಲಿಂದ ನಾನೂ ಹಚ್ತೀನಿ. ನನಗೇನಾಗೈತೆ?"

ಸಿಟ್ಟಿನಲ್ಲಿ ಅವರು ಸೆರಗಿನಿಂದ ಹಣೆಯ ಬೆವರು ಒರೆಸಿದರು. ಬಿಂದಿ ತುಸು ಸರಿಯಿತು. ಅದರ ಕೆಳಅಂಚಿನಲ್ಲಿ ಉಗುರಿನ ತುದಿಯಷ್ಟು ಬೆಳ್ಳಗೆ ಕಂಡಿತು. ನನಗೂ ಕಂಡಿತು, ಶಾಹಿದಾಗೂ ಕಂಡಿತು. ಚಂದ ಐತೆ ಅಂತಷ್ಟೇ ಅನ್ರಿ ಎಂಬ ಹಳೆಯ ಬುದ್ಧಿಮಾತು ನೆನಪಾಗಿ ನಾನು ಅಳೆದು ತೂಗಿ ಬಾಯಿ ತೆರೆದೆ.

"ನಿಮ್ಮ ಬಿಂದಿ ಕೆಳಗೆ ಯಾವತ್ತಾದ್ರೂ ನೋಡ್ಕೊಂಡೀರೇನ್ರಮ್ಮ?"

"ನೋಡೋದು ಯಾಕ? ಮುತ್ತೈದಿ ಹಣಿ ಖಾಲಿ ಇರಬಾರದು. ಒಂದು ತೆಗಿಯೋ ಹೊತ್ತಿಗೆ ಇನ್ನೊಂದು ಬೆರಳ ತುದಿಗೆ ತಯಾರಿರ್ತೈತೆ. ಕಣ್ಣು ಮುಚ್ಕೊಂಡು ಹಚ್ತೀನಿ."

"ಈಗೊಂದು ಸಲ ತೆಗೀರಿ."

"ಬರಿ ಹಣಿ, ಅದೂ ಗಂಡಸರ ಮುಂದೆ? ಸಾಧ್ಯ ಇಲ್ರಿ."

ನಾನು ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಅಲ್ಲಿ ಕಜ್ಜಿ ಹುಳುವಿನ ದೊಡ್ಡ ಚಿತ್ರವೊಂದು ತೂಗಾಡುತ್ತಿತ್ತು. "ಈಗ ತೆಗೀರಿ" ಎಂದೆ, ಹುಳುವಿಗೆ ಹೇಳುವಂತೆ.

"ಒಬ್ಬಳೇ ಇದ್ರೂ ತೆಗಿಯಂಗಿಲ್ರಿ. ಯಜಮಾನ್ರ ಆಯುಷ್ಯದ ಪ್ರಶ್ನೆ" ಎಂದು ಹಿಂದಿನಿಂದ ಉತ್ತರ ಬಂತು. ಶಾಹಿದಾ, "ನನ್ನ ಮುಖ ನೋಡಬ್ಯಾಡ್ರಿ, ನಮ್ಮಲ್ಲಿ ಈ ಲಫಡಾನೇ ಇಲ್ಲ" ಎಂದರು. ಇನ್ನು ಇದು ಆಗುವ ಮಾತಲ್ಲ ಎಂದು ನಾನು ತಿರುಗಬೇಕು, ಅಷ್ಟರಲ್ಲಿ ಚೇತನಾ ಎದ್ದ ಸದ್ದು ಕೇಳಿಸಿತು.

"ಆಂಟಿ, ನಿಮ್ಮ ಪರ್ಸಿನಾಗೆ ದೇವಸ್ಥಾನದ ಕುಂಕುಮ ಇರ್ಬೇಕಲ್ಲ? ಮೊದ್ಲು ಇದಕ್ಕಿಂತ ತುಸು ಮ್ಯಾಲೆ ಒಂದು ಬೊಟ್ಟು ಇಡ್ತೀನಿ, ಆಮ್ಯಾಲೆ ಸ್ಟಿಕರ್ ತೆಗಿಯಾನು. ಹಣಿ ಒಂದು ಗಳಿಗಿನೂ ಖಾಲಿ ಇರಂಗಿಲ್ಲ."

ಇಷ್ಟು ವರ್ಷ ಇಂಥ ಹಣೆಗಳನ್ನು ನೋಡಿದ ನನಗೆ ಇದೊಂದು ಹೊಳೆದಿರಲಿಲ್ಲ. ಪೊಟ್ಟಣ ಬಿಚ್ಚಿದ ಸದ್ದಾಯಿತು. ನಾನು ಹುಳುವಿನ ಕಾಲುಗಳನ್ನು ನೋಡುತ್ತ ನಿಂತೆ. ಶಾಹಿದಾ ಮೇಜಿನ ಕನ್ನಡಿ ತೆಗೆದು ಯಾರ ಕೈಗೋ ಕೊಟ್ಟಂತೆ ಕೇಳಿಸಿತು.

"ತಿರುಗ್ರಿ ಸಾಬ್."

ತಿರುಗಿದೆ. ಗಿರಿಜಮ್ಮನವರ ಹಣೆಯಲ್ಲಿ ಮೇಲೊಂದು ಕುಂಕುಮದ ಬೊಟ್ಟು, ಅದರ ಕೆಳಗೆ ಹುಡುಗಿಯದಕ್ಕಿಂತ ಎರಡರಷ್ಟು ದೊಡ್ಡ, ಗುಂಡನೆಯ ಅಚ್ಚ ಬಿಳಿ ಕಲೆ. ಅವರು ಕನ್ನಡಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಬೆರಳಿಂದ ಉಜ್ಜಿದರು. ನನಗೆ ಪಾಪ ಅನ್ನಿಸಿತು.

ಚೇತನಾ ತನ್ನ ಕುರ್ಚಿಗೆ ಹೋಗಿ ಕೂತಳು. ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದಳು. ಆಮೇಲೆ ನನ್ನತ್ತ ತಿರುಗಿ, ಬಹಳ ವಿನಯದಿಂದ ಕೇಳಿದಳು.

"ಡಾಕ್ಟ್ರೇ, ಮಕ್ಳಿಗೆ ಬರ್ತೈತೇನ್ರಿ? ಅದೊಂದು ಹೇಳ್ರಿ ಸಾಕು."

ನಾನು ಮೇಜಿನ ಮೇಲಿದ್ದ ಪೆನ್ನು ಹಿಡಿದುಕೊಂಡೆ, ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ಮದುವೆ ಇಲ್ಲಿಗೆ ಮುರಿಯಿತು, ಎರಡು ಮನೆಗಳ ಮುನಿಸು ಇನ್ನು ಮುಗಿಯುವುದಿಲ್ಲ ಅಂದುಕೊಂಡೆ. ಗಿರಿಜಮ್ಮ ಕನ್ನಡಿ ಕೆಳಗಿಟ್ಟು ಹುಡುಗಿಯನ್ನೇ ದಿಟ್ಟಿಸಿ ನೋಡಿದರು. ಮೊದಲು ಅವರ ಭುಜ ಅಲುಗಿತು. ಆಮೇಲೆ ಕುರ್ಚಿ. ಆ ನಗು ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳಿಸಿರಬೇಕು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆ ನೀರು ನಗುವಿನದಷ್ಟೇ ಅಲ್ಲ ಎಂದು ಕಂಡಾಗ ಚೇತನಾಳೇ ಎದ್ದು ಅವರ ಕೈ ಹಿಡಿದಳು.

"ನಾನು ಕೇಳಿದಾಗ ನಿನಗೆ ಹೆಂಗಾತು ಅಂತ ಈಗ ಗೊತ್ತಾತವ್ವ" ಎಂದರು ಗಿರಿಜಮ್ಮ. ಸ್ವಲ್ಪ ಸುಧಾರಿಸಿಕೊಂಡು, "ನಮ್ಮಣ್ಣಗೂ ಒಂದು ಫೋನ್ ಮಾಡ್ಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಇಬ್ಬರಿಗೂ ಸ್ಟಿಕರ್ ಬಿಟ್ಟು ಕುಂಕುಮ ಇಡಲು ಹೇಳಿ ನಾನು ಚೀಟಿ ಬರೆಯಲು ಕೂತೆ. ಹುಡುಗಿಯ ಹೆಸರಿಗೊಂದು ಟ್ಯೂಬು ಬರೆದೆ. ಗಿರಿಜಮ್ಮನವರಿಗೆಂದು ಇನ್ನೊಂದು ಚೀಟಿ ಎಳೆದುಕೊಂಡಾಗ ಅವರು ಅದರ ಮೇಲೆ ಅಂಗೈ ಇಟ್ಟರು.

"ಎರಡು ಯಾಕ್ರಿ ಡಾಕ್ಟ್ರೇ? ಒಂದೇ ಟ್ಯೂಬ್ ಸಾಕು. ಇನ್ನ ಮುಂದೆ ಇಬ್ರೂ ಒಂದೇ ಮನ್ಯಾಗಿರ್ತೀವಲ್ಲ."

ಶಾಹಿದಾ ನನ್ನ ಮುಖ ನೋಡಿದರು, ಈಗ ಹಾರಾಡುತ್ತಾರೆ ಎಂದು ಕಾದು. ನಾನು ಎರಡನೆಯ ಚೀಟಿ ಬದಿಗೆ ಸರಿಸಿದೆ, ಟ್ಯೂಬು ಒಂದೇ ಉಳಿಯಿತು.